ಸರ್ಕಾರಿ ಜಾಲತಾಣ ನಿಮ್ಮ ಕೈಗೆ ಬಂದಾಗ: ಕಟ್ಟುವವರಿಗೂ ಕಾಯುವವರಿಗೂ ಒಂದು ಮಾರ್ಗದರ್ಶಿ

ರಾಜ್ಯ ಸರ್ಕಾರದ ದೊಡ್ಡ ಜಾಲತಾಣವೊಂದರ ಹೊಣೆ ನಿಮ್ಮ ತಂಡದ ಪಾಲಿಗೆ ಬಂದಿದೆ ಎಂದಿಟ್ಟುಕೊಳ್ಳಿ. ಪಹಣಿ ಕೊಡುವ ತಾಣವಿರಬಹುದು, ಪರೀಕ್ಷಾ ಫಲಿತಾಂಶದ್ದಿರಬಹುದು, ಯೋಜನೆಗಳ ಅರ್ಜಿ ಪಡೆಯುವುದಿರಬಹುದು. ಖಾಸಗಿ ಕಂಪನಿಗಳಲ್ಲಿ ಕಲಿತ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇಲ್ಲಿಯೂ ನಡೆಯುತ್ತದೆ. ಎಡವುವುದು ಉಳಿದ ಕಾಲು ಪಾಲಿನಲ್ಲಿ. ಬಟ್ಟೆ ಮಾರುವ ಆ್ಯಪ್ ಕೈಕೊಟ್ಟರೆ ಗಿರಾಕಿ ಇನ್ನೊಂದು ಆ್ಯಪ್‌ಗೆ ಹೋಗುತ್ತಾನೆ. ಪಹಣಿ ಸಿಗದ ರೈತ ಎಲ್ಲಿಗೂ ಹೋಗಲಾರ. ಮರುದಿನ ಮತ್ತೆ ಅದೇ ಬಾಗಿಲಿಗೆ ಬರುತ್ತಾನೆ, ಅಷ್ಟರಲ್ಲಿ ಬೆಳೆ ವಿಮೆಯ ಗಡುವು ಮುಗಿದಿರುತ್ತದೆ. ಈ ಬರಹ ಆ ಕಾಲು ಪಾಲಿನ ಕುರಿತು.

ಹೆಜ್ಜೆ 1: ಬೀಗದ ಕೈಗಳು ಯಾರ ಬಳಿ ಇವೆ ಎಂದು ಪತ್ತೆ ಮಾಡಿ

ಮೊದಲ ವಾರ ಒಂದು ಸಾಲು ಕೋಡ್ ಕೂಡ ಬರೆಯಬೇಡಿ. ಡೊಮೈನ್ ಹೆಸರು, ಆ ಹೆಸರನ್ನು ಸರ್ವರಿನ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್, ಕ್ಲೌಡ್ ಖಾತೆ, ಎಸ್‌ಎಂಎಸ್ ಸೇವೆ, ಪಾವತಿ ಸೇವೆ, ಮೊಬೈಲ್ ಆ್ಯಪ್‌ನ ಪ್ರಕಟಣಾ ಖಾತೆ, ಮೂಲ ಕೋಡ್ ಇರುವ ಜಾಗ, ಇವೆಲ್ಲದರ ಪಟ್ಟಿ ಮಾಡಿ, ಪ್ರತಿಯೊಂದರ ಎದುರಿಗೆ ‘ಒಟಿಪಿ ಯಾರ ಮೊಬೈಲಿಗೆ ಹೋಗುತ್ತದೆ’ ಎಂದು ಬರೆಯಿರಿ. ಹಿಂದಿನ ಗುತ್ತಿಗೆದಾರರ ನೌಕರನೊಬ್ಬನ ಸ್ವಂತ ಇಮೇಲಿಗೆ ಅಥವಾ ವರ್ಗವಾಗಿ ಹೋದ ಅಧಿಕಾರಿಯ ಫೋನಿಗೆ ಕಟ್ಟಿಹಾಕಿದ ಖಾತೆ ಒಂದಾದರೂ ಸಿಗದಿದ್ದರೆ ನಿಮ್ಮ ಅದೃಷ್ಟ ದೊಡ್ಡದು. ಸಿಕ್ಕ ಕೂಡಲೇ ಇಲಾಖೆಯ ಅಧಿಕೃತ ವಿಳಾಸಕ್ಕೆ, ಹುದ್ದೆಯ ಹೆಸರಿಗೆ ಬದಲಿಸಿ. ವ್ಯಕ್ತಿ ವರ್ಗವಾಗುತ್ತಾನೆ, ಹುದ್ದೆ ಆಗುವುದಿಲ್ಲ.

ಮೂಲ ಕೋಡ್ ನಿಜಕ್ಕೂ ಇಲಾಖೆಯ ಕೈಯಲ್ಲಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ: ಏನೂ ಇಲ್ಲದ ಹೊಸ ಯಂತ್ರವೊಂದರಲ್ಲಿ, ಇರುವ ದಾಖಲೆಯನ್ನಷ್ಟೇ ನೋಡಿಕೊಂಡು, ತಾಣವನ್ನು ಎಬ್ಬಿಸಿ ನಿಲ್ಲಿಸಿ. ನಿಲ್ಲದಿದ್ದರೆ ನಿಮ್ಮ ಬಳಿ ಇರುವುದು ಕೋಡ್ ಅಲ್ಲ, ಅದರ ಭಾವಚಿತ್ರ.

ಇದೇ ವಾರ, ತಾಣ ಅಸಲಿ ಎಂದು ಬ್ರೌಸರಿಗೆ ತೋರಿಸುವ ಟಿಎಲ್‌ಎಸ್ ಪ್ರಮಾಣಪತ್ರಗಳ ನವೀಕರಣವನ್ನು ಯಂತ್ರದ ಕೈಗೆ ಒಪ್ಪಿಸಿಬಿಡಿ. 2020ರ ಸೆಪ್ಟೆಂಬರ್‌ನಿಂದ ಇವುಗಳ ಗರಿಷ್ಠ ಆಯುಷ್ಯ 398 ದಿನ ಇತ್ತು. ವರ್ಷಕ್ಕೊಮ್ಮೆ ಕಡತ ಹೊರಡಿಸಿ, ಮಂಜೂರಾತಿ ಪಡೆದು, ಖರೀದಿ ಮಾಡುವ ಪದ್ಧತಿ ಹೇಗೋ ನಡೆಯುತ್ತಿತ್ತು. ಬ್ರೌಸರ್ ತಯಾರಕರೂ ಪ್ರಮಾಣಪತ್ರ ಕೊಡುವವರೂ ಸೇರಿ 2025ರಲ್ಲಿ ಮಾಡಿಕೊಂಡ ನಿರ್ಣಯದಂತೆ ಆ ಮಿತಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ 47 ದಿನ. ನಲವತ್ತೇಳು ದಿನಕ್ಕೊಮ್ಮೆ ಕಡತ ಮೇಲೆ ಹೋಗಿ ಕೆಳಗೆ ಬರುವ ಕಚೇರಿಯನ್ನು ನಾನಂತೂ ಕಂಡಿಲ್ಲ.

ಹೆಜ್ಜೆ 2: ನೂಕುನುಗ್ಗಲಿನ ಪಂಚಾಂಗ ಬರೆಯಿರಿ

ಸರ್ಕಾರಿ ತಾಣಕ್ಕೆ ಬರುವ ದಟ್ಟಣೆ ಮೊದಲೇ ದಿನಾಂಕ ಹೇಳಿ ಬರುತ್ತದೆ. ಫಲಿತಾಂಶದ ದಿನ, ಸಿಇಟಿ ಆಯ್ಕೆ ನಮೂದಿಸುವ ಕೊನೆಯ ದಿನ, ಆಸ್ತಿ ತೆರಿಗೆಯ ರಿಯಾಯಿತಿ ಮುಗಿಯುವ ರಾತ್ರಿ, ಬೆಳೆ ವಿಮೆಯ ಗಡುವು. ಇಲಾಖೆಯವರೊಂದಿಗೆ ಕುಳಿತು ಇಡೀ ವರ್ಷದ ಪಟ್ಟಿ ಮಾಡಿ. ಆ ದಿನಗಳ ಹಿಂದಿನ ವಾರದಲ್ಲಿ ಹೊಸ ಆವೃತ್ತಿ ಏರಿಸುವುದನ್ನು ಸಂಪೂರ್ಣ ನಿಲ್ಲಿಸಿ.

ಆಮೇಲೆ ಲೆಕ್ಕ. ಎಸ್‌ಎಸ್‌ಎಲ್‌ಸಿ ಬರೆಯುವವರು ಎಂಟು ಲಕ್ಷ ಎಂದುಕೊಳ್ಳೋಣ. ಒಬ್ಬೊಬ್ಬರ ಫಲಿತಾಂಶವನ್ನು ಮನೆಯವರು, ನೆಂಟರು, ಟ್ಯೂಷನ್ ಮೇಷ್ಟ್ರು ಸೇರಿ ಮೂವರು ನೋಡುತ್ತಾರೆ, ಪುಟ ತೆರೆಯದಿದ್ದಾಗ ತಲಾ ಐದು ಸಲ ಒತ್ತುತ್ತಾರೆ ಎಂದರೆ ಒಂದು ಕೋಟಿ ಇಪ್ಪತ್ತು ಲಕ್ಷ ಕೋರಿಕೆ. ಅರ್ಧದಷ್ಟು ಮೊದಲ ಹತ್ತು ನಿಮಿಷದಲ್ಲೇ ಬಂದರೆ ಸೆಕೆಂಡಿಗೆ ಹತ್ತು ಸಾವಿರ. ಊಹೆಯ ಲೆಕ್ಕವೇ ಆದರೂ ಪರವಾಗಿಲ್ಲ, ಕಾಗದದ ಮೇಲೆ ಇರಬೇಕು. ‘ಸರ್ವರ್ ದೊಡ್ಡದು ಮಾಡಿಸಿ’ ಎನ್ನುವವರಿಗೆ ಎಷ್ಟು ದೊಡ್ಡದು ಎಂದು ಕೇಳಲು ಅದು ಬೇಕಾಗುತ್ತದೆ.

ಲೆಕ್ಕ ಬಂದ ಮೇಲೆ ಮೊದಲು ಕೇಳಬೇಕಾದದ್ದು ಆಡಳಿತದ ಪ್ರಶ್ನೆ: ಇವರೆಲ್ಲ ಒಂದೇ ಹೊತ್ತಿಗೆ ಬರಲೇಬೇಕೆ? 2021ರ ಏಪ್ರಿಲ್ 28ರಂದು ಸಂಜೆ ನಾಲ್ಕಕ್ಕೆ 18 ವರ್ಷ ಮೇಲ್ಪಟ್ಟವರ ಲಸಿಕೆ ನೋಂದಣಿಯನ್ನು ಇಡೀ ದೇಶಕ್ಕೆ ಒಮ್ಮೆಗೇ ತೆರೆದಾಗ ಕೋವಿನ್ ಮೊದಲ ಕೆಲವು ನಿಮಿಷ ತತ್ತರಿಸಿತು. ಆ ದಿನ ನೋಂದಾಯಿಸಿಕೊಂಡವರು ಒಂದು ಕೋಟಿಗೂ ಹೆಚ್ಚು. 2023ರಲ್ಲಿ ನಮ್ಮ ರಾಜ್ಯದ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಬೇರೆ ಹಾದಿ ಹಿಡಿದರು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಹೋಗಬೇಕೆಂದು ಫಲಾನುಭವಿಗಳಿಗೆ ಎಸ್‌ಎಂಎಸ್ ಕಳಿಸುವ ಏರ್ಪಾಡು ಮಾಡಿದರು. ಎಷ್ಟು ಸರ್ವರ್ ಕೊಂಡರೂ ಆಗದ ಕೆಲಸವನ್ನು ಸರದಿಯ ಒಂದು ಸಂದೇಶ ಮಾಡಬಲ್ಲದು. ಇಂಥ ಸಲಹೆ ಕೊಡುವುದು ಎಂಜಿನಿಯರನ ಕೆಲಸವಲ್ಲ ಎಂದು ಯಾರಾದರೂ ಹೇಳಿದರೆ ನಕ್ಕು, ಸಲಹೆಯನ್ನು ಲಿಖಿತವಾಗಿ ಕೊಡಿ.

ಎರಡನೆಯ ಪ್ರಶ್ನೆ: ನೋಡುವವನಿಗೆ ಖಾತೆ ಯಾಕೆ ಬೇಕು? ಅಮೆರಿಕದ ಆರೋಗ್ಯ ವಿಮೆಯ ತಾಣ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ತೆರೆದಾಗ, ವಿಮೆಯ ದರ ನೋಡಬೇಕಾದರೂ ಮೊದಲು ಖಾತೆ ತೆರೆಯಬೇಕಿತ್ತು. ಲಕ್ಷಗಟ್ಟಲೆ ಜನ ಆ ಒಂದೇ ಕಿಂಡಿಯಲ್ಲಿ ಸಿಕ್ಕಿಬಿದ್ದರು. ಮೊದಲ ದಿನ ವಿಮೆಗೆ ಸೇರಲು ಸಾಧ್ಯವಾದವರು ಆರೇ ಆರು ಮಂದಿ. ನಮ್ಮಲ್ಲಿಯೂ ಸುತ್ತೋಲೆ ಓದಲು ಲಾಗಿನ್ ಕೇಳುವ ತಾಣಗಳಿವೆ. ತೆಗೆದುಹಾಕಿ.

ಹೆಜ್ಜೆ 3: ಓದುವುದನ್ನೂ ಬರೆಯುವುದನ್ನೂ ಬೇರೆ ಮಾಡಿ

ಫಲಿತಾಂಶದ ತಾಣವನ್ನೇ ಹತ್ತಿರದಿಂದ ನೋಡೋಣ. ಫಲಿತಾಂಶ ಒಮ್ಮೆ ಸಿದ್ಧವಾದ ಮೇಲೆ ಆ ದಿನವಂತೂ ಬದಲಾಗದು. ಹೀಗಿರುವಾಗ ಪ್ರತಿ ಕೋರಿಕೆಗೂ ಡೇಟಾಬೇಸಿನ ಬಾಗಿಲು ತಟ್ಟುವುದು ವ್ಯರ್ಥ ಸಾಹಸ. ಹಿಂದಿನ ರಾತ್ರಿಯೇ ಪ್ರತಿ ವಿದ್ಯಾರ್ಥಿಗೂ ಒಂದು ಪುಟ್ಟ ಕಡತ ಮಾಡಿಡಿ. ಎರಡು ಕೆಬಿಯಂತೆ ಎಂಟು ಲಕ್ಷ ಕಡತಗಳೆಂದರೆ 1.6 ಜಿಬಿ, ಸಾಮಾನ್ಯ ಫೋನಿನ ನೆನಪಿನಲ್ಲೂ ಹಿಡಿಯುವಷ್ಟು. ಇವನ್ನು ದೇಶದ ಹಲವೆಡೆ ಪ್ರತಿ ಇಟ್ಟುಕೊಂಡು ಹಂಚುವ ಸಿಡಿಎನ್ ಜಾಲಕ್ಕೆ ಒಪ್ಪಿಸಿದರೆ ಸೆಕೆಂಡಿಗೆ ಹತ್ತು ಸಾವಿರ ಎಂಬುದು ಹೆದರಿಸುವ ಸಂಖ್ಯೆಯಾಗಿ ಉಳಿಯುವುದಿಲ್ಲ.

ಆದರೆ ಇಲ್ಲಿ ನಾಲ್ಕು ಹಳ್ಳಗಳಿವೆ.

ಕಡತದ ಹೆಸರು ಬರೀ ನೋಂದಣಿ ಸಂಖ್ಯೆಯಾಗಿದ್ದರೆ, ಮೊದಲಿನಿಂದ ಕೊನೆಯವರೆಗೆ ಎಲ್ಲ ಮಕ್ಕಳ ಅಂಕಗಳನ್ನೂ ಯಾರು ಬೇಕಾದರೂ ಬಾಚಿಕೊಂಡು ಹೋಗಬಹುದು. ನೋಂದಣಿ ಸಂಖ್ಯೆ ಮತ್ತು ಜನ್ಮದಿನಾಂಕ ಎರಡನ್ನೂ ಸೇರಿಸಿ, ಗುಪ್ತ ಕೀಲಿಯೊಂದರಿಂದ ಹ್ಯಾಶ್ ಮಾಡಿ, ಅಂದರೆ ಹಿಂದಕ್ಕೆ ಬಿಡಿಸಲಾಗದ ಸಂಕೇತವಾಗಿಸಿ, ಹೆಸರಿಡಿ. ಆ ಲೆಕ್ಕ ಮಾಡುವ ನಾಲ್ಕು ಸಾಲಿನ ಪ್ರೋಗ್ರಾಮ್ ಸಿಡಿಎನ್‌ನ ಅಂಚಿನಲ್ಲಿಯೇ ಇರಲಿ, ಕೀಲಿ ಬ್ರೌಸರಿಗೆ ಹೋಗಕೂಡದು.

ಅಷ್ಟಾದರೂ ಒಂದು ತರಗತಿಯ ಮಕ್ಕಳೆಲ್ಲ ಹೆಚ್ಚುಕಡಿಮೆ ಎರಡು ವರ್ಷದ ಅಂತರದಲ್ಲಿ ಹುಟ್ಟಿರುತ್ತಾರೆ. ಏಳುನೂರು ಚಿಲ್ಲರೆ ದಿನಾಂಕಗಳನ್ನು ಯಂತ್ರದಿಂದ ಊಹಿಸುವುದು ಕಷ್ಟವಲ್ಲ. ಆದ್ದರಿಂದ ಮಿತಿ ಹಾಕಬೇಕು. ಹೆಚ್ಚಿನವರು ಐಪಿ ವಿಳಾಸದ ಮೇಲೆ ಮಿತಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತವೆ. ಗ್ರಾಮ ಒನ್ ಕೇಂದ್ರದಲ್ಲಿ ಒಂದೇ ಕಂಪ್ಯೂಟರಿನಿಂದ ಊರಿನ ಅಷ್ಟೂ ಮಕ್ಕಳ ಫಲಿತಾಂಶ ನೋಡುತ್ತಾರೆ. ಐಪಿ ಮಿತಿ ಹಾಕಿದರೆ ಕಳ್ಳ ತಪ್ಪಿಸಿಕೊಂಡು ಊರು ಹೊರಗುಳಿಯುತ್ತದೆ. ಮಿತಿ ನೋಂದಣಿ ಸಂಖ್ಯೆಯ ಮೇಲಿರಲಿ: ಒಂದೇ ಸಂಖ್ಯೆಗೆ ಹತ್ತು ತಪ್ಪು ದಿನಾಂಕ ಬಂದರೆ ಉತ್ತರ ನಿಧಾನವಾಗಲಿ. ಪೂರ್ತಿ ಬೀಗ ಹಾಕಬೇಡಿ, ಕಿಡಿಗೇಡಿಯೊಬ್ಬ ಸಹಪಾಠಿಯ ಸಂಖ್ಯೆ ಹಾಕಿ ಆಟವಾಡಿಬಿಡುತ್ತಾನೆ.

ಮೂರನೆಯದು ಯಾರಿಗೂ ಹೊಳೆಯದ ಹಳ್ಳ. ಹತ್ತು ಗಂಟೆಗೆ ಫಲಿತಾಂಶ ಎಂದಿದ್ದರೆ ಒಂಬತ್ತೂ ಐವತ್ತೈದಕ್ಕೇ ಮಕ್ಕಳು ಪುಟ ತೆರೆಯುತ್ತಾರೆ, ‘ಫಲಿತಾಂಶ ಇಲ್ಲ’ ಎಂಬ ಉತ್ತರ ಬರುತ್ತದೆ. ಸಿಡಿಎನ್ ಆ ಉತ್ತರವನ್ನೂ ನೆನಪಿಟ್ಟುಕೊಳ್ಳಬಲ್ಲದು. ಅದರ ಅವಧಿ ಒಂದು ಗಂಟೆ ಎಂದಿದ್ದರೆ, ಆಗ ಪುಟ ತೆರೆದ ಹುಡುಗಿಗೆ ಹತ್ತೂ ಐವತ್ತೈದರವರೆಗೂ ‘ಇಲ್ಲ’ ಎಂದೇ ಕಾಣಿಸುತ್ತದೆ. ಪಕ್ಕದ ಮನೆಯವಳಿಗೆ ಬಂದಿದೆ, ತನಗಿಲ್ಲ. ಆ ಐವತ್ತೈದು ನಿಮಿಷ ಅವಳಿಗೆ ಹೇಗಿರುತ್ತದೆ ಎಂದು ಯೋಚಿಸಿ. ನಕಾರದ ಉತ್ತರಕ್ಕೆ ಐದು ಸೆಕೆಂಡಿಗಿಂತ ಹೆಚ್ಚಿನ ಆಯುಷ್ಯ ಕೊಡಬೇಡಿ.

ನಾಲ್ಕನೆಯದು, ಪರದೆ ಸರಿಸುವ ಗುಂಡಿಯನ್ನು ಗಡಿಯಾರಕ್ಕೆ ಕಟ್ಟಬೇಡಿ. ಸಚಿವರ ಪತ್ರಿಕಾಗೋಷ್ಠಿ ಹೇಳಿದ ಹೊತ್ತಿಗೆ ಶುರುವಾಗುತ್ತದೆಂದು ನಂಬಿದ ತಂಡ ಅವರಿಗಿಂತ ಮೊದಲೇ ಫಲಿತಾಂಶ ಪ್ರಕಟಿಸಿ ಪೇಚಿಗೆ ಸಿಲುಕುತ್ತದೆ. ಗುಂಡಿ ಒಬ್ಬ ಹೊಣೆಗಾರ ಅಧಿಕಾರಿಯ ಕೈಯಲ್ಲಿರಲಿ.

ಬರೆಯುವ ಕೆಲಸ, ಅಂದರೆ ಅರ್ಜಿ, ಪಾವತಿ, ತಿದ್ದುಪಡಿ, ಇಷ್ಟು ಸುಲಭವಲ್ಲ. ಅಲ್ಲಿ ಡೇಟಾಬೇಸ್ ಬೇಕೇ ಬೇಕು. ಹಾಗಾಗಿ ಅದನ್ನು ಓದುವವರ ಗದ್ದಲದಿಂದ ದೂರ ಬೇರೆ ಯಂತ್ರದಲ್ಲಿಡಿ. 2023ರಲ್ಲಿ ಗ್ಯಾರಂಟಿ ಯೋಜನೆಗಳ ಅರ್ಜಿಗೆ ಸೇವಾ ಸಿಂಧುವಿನಲ್ಲಿ ಪ್ರತ್ಯೇಕ ತಾಣವನ್ನೇ ತೆರೆದದ್ದು ಈ ದೃಷ್ಟಿಯಿಂದ ಸರಿಯಾದ ಕ್ರಮ. ದುಬಾರಿ ಹುಡುಕಾಟಗಳನ್ನಂತೂ ಲಾಗಿನ್‌ನ ಪಕ್ಕ ಇಡಲೇಬೇಡಿ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಮೇಲೆ ದಾಳಿಯಾದಾಗ ದಾಳಿಕೋರರು ಬಳಸಿದ್ದು ನಕಲಿ ಖಾತೆಗಳನ್ನೂ ಋಣಭಾರ ಪ್ರಮಾಣಪತ್ರದ ಹುಡುಕಾಟವನ್ನೂ. ವರ್ಷಗಟ್ಟಲೆಯ ದಾಖಲೆಗಳನ್ನು ಜಾಲಾಡುವ ಒಂದು ಹುಡುಕಾಟ ಸಾವಿರ ಸಾಧಾರಣ ಪುಟಗಳಷ್ಟು ಭಾರ. ಅಂಥದ್ದನ್ನು ಸರದಿಗೆ ಹಾಕಿ, ‘ಸಿದ್ಧವಾದ ಮೇಲೆ ಸಂದೇಶ ಬರುತ್ತದೆ’ ಎಂದು ಹೇಳಿ ಕಳಿಸಿ.

ಹೆಜ್ಜೆ 4: ಹಣ ಹೋಯಿತು, ರಸೀದಿ ಬರಲಿಲ್ಲ

ಸಹಾಯವಾಣಿಗೆ ಬರುವ ದೂರುಗಳ ರಾಜ ಇದು. ಬ್ಯಾಂಕಿನಿಂದ ಹಣ ಕಡಿತವಾಗುತ್ತದೆ, ಮರಳಿ ಬರುವಾಗ ನೆಟ್‌ವರ್ಕ್ ಹೋಗುತ್ತದೆ, ತಾಣ ‘ಪಾವತಿ ವಿಫಲ’ ಎನ್ನುತ್ತದೆ, ಜನ ಎರಡನೇ ಸಲ ಕಟ್ಟುತ್ತಾರೆ. ಪ್ರತಿ ಅರ್ಜಿಗೂ ಪಾವತಿಗೆ ಮುಂಚೆಯೇ ಒಂದು ಗುರುತು ಸಂಖ್ಯೆ ಹುಟ್ಟಿಸಿ; ಅದೇ ಸಂಖ್ಯೆಯಲ್ಲಿ ಎರಡನೇ ಕೋರಿಕೆ ಬಂದರೆ ಹೊಸ ಪಾವತಿ ಆಗಕೂಡದು. ಬ್ರೌಸರ್ ಮರಳಿ ಬಂದು ಹೇಳುವ ಮಾತನ್ನು ನಂಬದೆ, ಹದಿನೈದು ನಿಮಿಷಕ್ಕೊಮ್ಮೆ ನಿಮ್ಮ ಸರ್ವರ್ ತಾನೇ ಪಾವತಿ ಸೇವೆಯನ್ನೂ ರಾಜ್ಯ ಖಜಾನೆಯ ಖಜಾನೆ-2 ವ್ಯವಸ್ಥೆಯನ್ನೂ ಕೇಳಿ ತಾಳೆ ನೋಡಲಿ. ಫಲಿತಾಂಶ ತಿಳಿಯದ ಹೊತ್ತಿನಲ್ಲಿ ‘ವಿಫಲ’ ಎನ್ನಬೇಡಿ. ‘ಪರಿಶೀಲನೆಯಲ್ಲಿದೆ, ದಯವಿಟ್ಟು ಮತ್ತೆ ಹಣ ಕಟ್ಟಬೇಡಿ’ ಎಂಬ ಸಾಲು ಹಾಕಿ. ಆ ಒಂದು ಸಾಲು ಎಷ್ಟು ಕರೆಗಳನ್ನು ಉಳಿಸುತ್ತದೆಂದು ಸಹಾಯವಾಣಿಯವರನ್ನೇ ಕೇಳಿ ನೋಡಿ.

ಒಂದು ಮೊಬೈಲ್ ಸಂಖ್ಯೆಗೆ ಒಂದೇ ಖಾತೆ ಎಂಬ ನಿಯಮವನ್ನೂ ಕೈಬಿಡಿ. ಮನೆಯ ನಾಲ್ವರಿಗೆ ಒಂದೇ ಫೋನ್ ಇರುವ ಊರುಗಳಿಗೂ ನಾವು ಸೇವೆ ಕೊಡುತ್ತಿದ್ದೇವೆ.

ಹೆಜ್ಜೆ 5: ಕನ್ನಡವನ್ನು ದತ್ತಾಂಶವಾಗಿ ನೋಡಿ

ಪುಟದ ಮೇಲೆ ‘ಕನ್ನಡ’ ಎಂಬ ಗುಂಡಿ ಇಟ್ಟರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ತೊಂದರೆ ಇರುವುದು ಗುಂಡಿಯ ಕೆಳಗೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ಗಿಂತ ಹಿಂದಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ ದಾಖಲೆಗಳು ಇಲಾಖೆಗಳಲ್ಲಿ ರಾಶಿ ಬಿದ್ದಿವೆ. ಆ ಫಾಂಟ್ ತೆಗೆದರೆ ಅಕ್ಷರಗಳ ಜಾಗದಲ್ಲಿ ಇಂಗ್ಲಿಷ್ ಚಿಹ್ನೆಗಳ ಗೊಂಚಲು ಕಾಣುತ್ತದೆ. ಪರಿವರ್ತಕಗಳಿವೆ, ಆದರೆ ಒತ್ತಕ್ಷರ ಮತ್ತು ಅರ್ಕಾವತ್ತು ಬಂದಲ್ಲಿ ಕಣ್ಣಿಟ್ಟು ನೋಡಬೇಕು. ಭೂದಾಖಲೆಯಲ್ಲಿ ಹೆಸರಿನ ಒಂದು ಒತ್ತು ಬಿದ್ದುಹೋದರೆ ಸರಿಪಡಿಸಲು ರೈತ ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ.

ಯೂನಿಕೋಡ್‌ನಲ್ಲೇ ಇದ್ದರೂ ನಿಶ್ಚಿಂತೆಯಿಲ್ಲ. ‘ಕೊ’ ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ‘ಕೊಟ್ರೇಶ್’ ಎಂದು ಹುಡುಕಿದರೆ ಅರ್ಧ ಕೊಟ್ರೇಶರು ಮಾತ್ರ ಸಿಗುತ್ತಾರೆ. ಒಳಗೆ ಬರುವ ಪ್ರತಿ ಪಠ್ಯವನ್ನೂ ಇಂಥ ಸಂಕೇತಗಳನ್ನು ಒಂದೇ ಬಗೆಯಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದೇ ಉಳಿಸಿ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರುತ್ತದೆ. ಅದಿಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಒತ್ತು ಬೀಳುತ್ತದೆ. ಉಳಿಸುವಾಗ ಅದನ್ನು ಹಾಗೆಯೇ ಇಡಿ, ಹುಡುಕುವ ಸೂಚಿಯಲ್ಲಿ ಮಾತ್ರ ಕಿತ್ತುಹಾಕಿ.

ಉದ್ದದ ಲೆಕ್ಕವೂ ಬೇರೆ. ‘ಬೆಂಗಳೂರು’ ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡ್‌ಗೆ ಎಂಟು ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಐವತ್ತು ಬೈಟ್‌ಗಳ ಅಂಕಣದಲ್ಲಿ ತಂದೆಯ ಹೆಸರು ಸೇರಿದ ಪೂರ್ಣ ಹೆಸರು ಹಿಡಿಯುವುದಿಲ್ಲ. ಎಸ್‌ಎಂಎಸ್ ಕೂಡ ಹಾಗೆಯೇ: ಇಂಗ್ಲಿಷಿನಲ್ಲಿ 160 ಅಕ್ಷರಕ್ಕೆ ಒಂದು ಸಂದೇಶ, ಕನ್ನಡದಲ್ಲಿ 70ಕ್ಕೆ. ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಿರಬೇಕು. ಒಂದು ಪದ ಬದಲಿಸಿ ಕಳಿಸಿದರೂ ಒಟಿಪಿ ಸದ್ದಿಲ್ಲದೆ ತಡೆಹಿಡಿಯಲ್ಪಡುತ್ತದೆ. ಮೊದಲು ಕನ್ನಡದಲ್ಲೇ ಚಿಕ್ಕದಾಗಿ ಬರೆಯಿರಿ, ಇಂಗ್ಲಿಷಿನದನ್ನು ಆಮೇಲೆ ಮಾಡಿ.

ಹೆಜ್ಜೆ 6: ಕಾನೂನು, ಲೆಕ್ಕಪರಿಶೋಧನೆ, ಚುನಾವಣೆ

ಇದನ್ನು ಬೇಗ ಮುಗಿಸೋಣ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಯಂತ್ರಗಳ ಚಟುವಟಿಕೆಯ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಯಂತ್ರಗಳ ಗಡಿಯಾರಗಳು ಒಂದೇ ಅಧಿಕೃತ ಸಮಯಕ್ಕೆ ಹೊಂದಿರಬೇಕು. ಕೊನೆಯದು ಸಣ್ಣ ವಿಷಯವಲ್ಲ. ಎರಡು ಸರ್ವರ್‌ಗಳ ನಡುವೆ ನಾಲ್ಕು ನಿಮಿಷ ವ್ಯತ್ಯಾಸವಿದ್ದರೆ ಯಾವುದು ಮೊದಲು ನಡೆಯಿತೆಂದೇ ಹೇಳಲಾಗದು. ಸರ್ಟ್-ಇನ್ ಪಟ್ಟಿಯಲ್ಲಿರುವ ಸಂಸ್ಥೆಯಿಂದ ಭದ್ರತಾ ಪರಿಶೀಲನೆಯಾಗದೆ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯಲ್ಲಿ ತಾಣ ಏರಿಸಲು ಬಿಡುವುದಿಲ್ಲ. ಅದಕ್ಕೆ ವಾರಗಳು ಹಿಡಿಯುತ್ತವೆ, ವೇಳಾಪಟ್ಟಿಯಲ್ಲಿ ಜಾಗ ಇಡಿ.

ಸರ್ಕಾರಿ ತಾಣಗಳ ಕೇಂದ್ರ ಮಾರ್ಗಸೂಚಿ ಜಿಐಜಿಡಬ್ಲ್ಯು 2009ರಲ್ಲಿ ಬಂತು, ಮೂರನೆಯ ಆವೃತ್ತಿ 2023ರಲ್ಲಿ. ಅಂಗವಿಕಲರಿಗೂ ತಾಣ ಎಟುಕುವಂತಿರಬೇಕು ಎಂಬುದು ಅದರ ಮುಖ್ಯ ಬೇಡಿಕೆಗಳಲ್ಲೊಂದು. ಇಲಾಖೆಗಳು ಇಲ್ಲಿ ಸೋಲುವುದು ಬಹುಪಾಲು ಒಂದೇ ಕಾರಣಕ್ಕೆ: ಆದೇಶವನ್ನು ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸುತ್ತಾರೆ. ದೃಷ್ಟಿಯಿಲ್ಲದವರ ಓದುಯಂತ್ರಕ್ಕೆ ಅದು ಖಾಲಿ ಚಿತ್ರ. ಸಹಿಯ ಪ್ರತಿಯ ಜೊತೆಗೆ ಪಠ್ಯವನ್ನೂ ಪುಟವಾಗಿ ಹಾಕಿ. ತಾಣದ ವಿನ್ಯಾಸ ಬದಲಿಸುವಾಗ ಹಳೆಯ ಆದೇಶಗಳ ಕೊಂಡಿಗಳನ್ನು ಹೊಸ ವಿಳಾಸಕ್ಕೆ ತಿರುಗಿಸಿ. ನ್ಯಾಯಾಲಯದ ಅರ್ಜಿಗಳಲ್ಲೂ ಅವು ಉಲ್ಲೇಖವಾಗಿರುತ್ತವೆ.

ಚುನಾವಣೆ ಘೋಷಣೆಯಾದ ಕೂಡಲೇ ಮಾದರಿ ನೀತಿ ಸಂಹಿತೆಯಂತೆ ಸಚಿವರ ಚಿತ್ರಗಳು ತಾಣದಿಂದ ಇಳಿಯಬೇಕು. ಅವು ನೂರು ಪುಟಗಳಲ್ಲಿ ಚದುರಿದ್ದರೆ ಆ ರಾತ್ರಿ ನಿಮಗೆ ನಿದ್ದೆಯಿಲ್ಲ. ಎಲ್ಲ ಚಿತ್ರಗಳೂ ಒಂದೇ ಕಡೆಯಿಂದ ಬರುವಂತೆ ಮಾಡಿ, ಒಂದು ಗುಂಡಿಯಲ್ಲಿ ಮರೆಯಾಗಲಿ. ಮುಖಪುಟದಲ್ಲಿ ಸರಿದಾಡುವ ನಾಲ್ಕು ಎಂಬಿ ಚಿತ್ರಗಳನ್ನು ಮತ್ತೆ ಹಾಕದಿರಲು ಒಳ್ಳೆಯ ನೆಪವೂ ಆದೀತು.

ಹೆಜ್ಜೆ 7: ಬಿದ್ದ ದಿನಕ್ಕೆ ತಯಾರಿ

ಬೀಳುತ್ತದೆ. ಬ್ರಿಟನ್ ಸರ್ಕಾರದ ಗವ್ ಡಾಟ್ ಯುಕೆಯಂಥ ಅಚ್ಚುಕಟ್ಟಾದ ತಾಣವೂ 2021ರ ಜೂನ್ 8ರಂದು ಬಿತ್ತು. ತಪ್ಪು ಅವರದ್ದಲ್ಲ, ಅವರು ನೆಚ್ಚಿದ್ದ ಫಾಸ್ಟ್‌ಲಿ ಎಂಬ ಸಿಡಿಎನ್‌ನಲ್ಲಿ ಅಡಗಿದ್ದ ದೋಷವೊಂದನ್ನು ಯಾವನೋ ಗ್ರಾಹಕನ ಸಾಮಾನ್ಯ ಬದಲಾವಣೆ ಕೆರಳಿಸಿತ್ತು. ನಿಮ್ಮ ಮುಖ್ಯ ಪುಟಗಳ ಸ್ಥಿರ ಪ್ರತಿಯೊಂದನ್ನು ಬೇರೆ ಜಾಲದಲ್ಲಿ ಸದಾ ಇಟ್ಟಿರಿ. ಡಿಎನ್‌ಎಸ್ ತಿರುಗಿಸುವ ವಿಧಾನವನ್ನು ಕಾಗದದಲ್ಲಿ ಮುದ್ರಿಸಿಡಿ, ಏಕೆಂದರೆ ತಾಣ ಬಿದ್ದಾಗ ಆ ದಾಖಲೆ ಇರುವ ತಾಣವೂ ಬಿದ್ದಿರಬಹುದು.

ಬ್ಯಾಕಪ್ ಇದೆ ಎಂಬ ವರದಿಗೆ ಬೆಲೆಯಿಲ್ಲ. ಮೂರು ತಿಂಗಳಿಗೊಮ್ಮೆ ಅದನ್ನು ಖಾಲಿ ಯಂತ್ರಕ್ಕೆ ಮರಳಿ ಇಳಿಸಿ, ನೆನ್ನೆಯ ಹತ್ತು ಅರ್ಜಿಗಳನ್ನು ತೆರೆದು ನೋಡಿ, ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಿ.

ಜನರಿಗೆ ಹಾಕುವ ಸೂಚನೆಯನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ‘ತಾಂತ್ರಿಕ ಕಾರಣಗಳಿಂದ ಸೇವೆ ಲಭ್ಯವಿಲ್ಲ, ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ’ ಎಂಬುದು ಯಾರಿಗೂ ಏನನ್ನೂ ಹೇಳುವುದಿಲ್ಲ. ಬದಲಿಗೆ: ‘ಪಹಣಿ ಸೇವೆ ಬೆಳಿಗ್ಗೆ 10.40ರಿಂದ ನಿಂತಿದೆ. ಈಗಾಗಲೇ ಹಣ ಕಟ್ಟಿದವರ ಅರ್ಜಿ ಸುರಕ್ಷಿತವಾಗಿದೆ, ಮತ್ತೆ ಕಟ್ಟಬೇಡಿ. ಇಂದು ನಾಡಕಚೇರಿಗೆ ಹೋಗಿಯೂ ಪ್ರಯೋಜನವಿಲ್ಲ, ಅಲ್ಲಿಯೂ ಇದೇ ವ್ಯವಸ್ಥೆ. ಮುಂದಿನ ಮಾಹಿತಿ ಮಧ್ಯಾಹ್ನ 1 ಗಂಟೆಗೆ.’ ಒಂದು ಗಂಟೆಗೆ ಹೇಳಲು ಹೊಸದೇನೂ ಇಲ್ಲದಿದ್ದರೂ ಅದನ್ನೇ ಹೇಳಿ. ಗಡುವಿರುವ ಸೇವೆಯಾದರೆ ಗಡುವು ವಿಸ್ತರಿಸುವ ಅಧಿಕಾರ ಯಾರದ್ದು, ಅವರ ಫೋನ್ ಸಂಖ್ಯೆ ಯಾವುದು ಎಂಬುದು ಅದೇ ಹಾಳೆಯ ಮೇಲಿರಲಿ.

ಹೆಜ್ಜೆ 8: ಮುಂದಿನ ಟೆಂಡರನ್ನು ಇಂದೇ ಬರೆಯಲು ಕೂರಿ

ಟೆಂಡರುಗಳಲ್ಲಿ ಕಟ್ಟುವುದಕ್ಕೆ ದೊಡ್ಡ ಮೊತ್ತ, ನಿರ್ವಹಣೆಗೆ ಚಿಲ್ಲರೆ ಇರುತ್ತದೆ. ತಾಣದ ಬದುಕು ಮಾತ್ರ ಬಹುಪಾಲು ಆ ಚಿಲ್ಲರೆಯಲ್ಲೇ ನಡೆಯಬೇಕು. ಮುಂದಿನ ಸಲ ಮೂರು ಷರತ್ತು ಸೇರಿಸಿ. ಕೋಡ್ ದಿನವೂ ಇಲಾಖೆಯ ಭಂಡಾರಕ್ಕೆ ಬರಬೇಕು. ಕೊನೆಯ ಕಂತಿನೊಂದಿಗೆ ಸಿಡಿಯಲ್ಲಿ ಕೊಟ್ಟರೆ ಸಾಲದು. ತಾಣ ಬಳಸುವ ಸಿದ್ಧ ಕೋಡ್‌ ಲೈಬ್ರರಿಗಳ ಮತ್ತು ಆಪರೇಟಿಂಗ್ ಸಿಸ್ಟಂನ ಭದ್ರತಾ ತೇಪೆಗಳನ್ನು ಇಂತಿಷ್ಟು ದಿನದೊಳಗೆ ಹಾಕಬೇಕು, ತಪ್ಪಿದರೆ ದಂಡ. ಗುತ್ತಿಗೆ ಮುಗಿಯುವ ಮುಂಚಿನ ಮೂರು ತಿಂಗಳು ಹೊಸ ತಂಡ ಹಳೆಯ ತಂಡದ ಪಕ್ಕದಲ್ಲಿ ಕುಳಿತು ತಾಣವನ್ನು ತಾನೇ ನಡೆಸಬೇಕು, ಹಳಬರು ನೋಡುತ್ತಿರಬೇಕು; ಹೊಸಬರು ಖಾಲಿ ಯಂತ್ರದಲ್ಲಿ ತಾಣವನ್ನು ಎಬ್ಬಿಸಿ ತೋರಿಸಿದ ಮೇಲೆಯೇ ಹಳಬರ ಠೇವಣಿ ಬಿಡುಗಡೆ.